ಜಗಲಿಯ ಹುಲಿ ರಿಂಗಿನಲ್ಲಿ ಬಾಲ ಮಡಚುವುದೇಕೆ?

(ಶಿವಮೊಗ್ಗದಲ್ಲಿ ನಾಯಿ ಸಾಕುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ತನ್ನ ಮನೆಯಲ್ಲಿ ನಾಯಿಯೂ ಸಿಂಹ ಅನ್ನುತ್ತಾರೆ. ಆ ಗಾದೆಯ ಉಳಿದರ್ಧ ಕಾಣಿಸುವುದು ಶ್ವಾನ ಪ್ರದರ್ಶನದ ಮೈದಾನದಲ್ಲಿ. ತೋಟದ ಮನೆಯ ಜಗಲಿಯಲ್ಲಿ ನಿಂತು ದಣಪೆ ದಾಟಿದವರನ್ನೆಲ್ಲ ನಡುಗಿಸುವ ನಾಯಿ, ಶಾಮಿಯಾನದ ಕೆಳಗಿನ ರಿಂಗಿಗೆ, ಅಂದರೆ ನಾಯಿಗಳನ್ನು ನಡೆಸಿ ಜಡ್ಜ್‌ಗೆ ತೋರಿಸುವ ಜಾಗಕ್ಕೆ, ಬಂದದ್ದೇ ಬಾಲ ಮಡಚಿ ಯಜಮಾನರ ಕಾಲಸಂದಿಗೆ ನುಗ್ಗುತ್ತದೆ. ಜಡ್ಜ್ ಕೈ ಚಾಚಿದರೆ ಹಿಂದೆ ಸರಿಯುತ್ತದೆ, ಇಲ್ಲವೇ ಗುರ್ರೆನ್ನುತ್ತದೆ. “ಮನೇಲಿ ಹೀಗೆ ಮಾಡೋದೇ ಇಲ್ಲ ಸಾರ್” ಎನ್ನುತ್ತಾರೆ ಯಜಮಾನರು. ಅವರು ಹೇಳುವುದು ನಿಜ. ಹೀಗೆ ಮಾಡುವಂಥ ಸಂದರ್ಭ ಮನೆಯಲ್ಲಿ ಅದಕ್ಕೆ ಬಂದೇ ಇರುವುದಿಲ್ಲ.

ನಮ್ಮ ಕಡೆಯ ನಾಯಿಗಳ ಬದುಕನ್ನೇ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂಟಿಮನೆಗಳೇ ಹೆಚ್ಚು. ಹೊಸಬರು ಬಂದರೆ ಬೊಗಳುವುದೇ ನಾಯಿಯ ಕೆಲಸ. ಬೊಗಳಿದರೆ ಮನೆಯವರು ಮೆಚ್ಚುತ್ತಾರೆ. ಹಗಲು ಸರಪಳಿ, ರಾತ್ರಿ ಚಿರತೆಯ ಭಯಕ್ಕೆ ಒಳಗೆ. ಅಂಥ ನಾಯಿಯನ್ನು ಒಂದು ದಿನ ಇದ್ದಕ್ಕಿದ್ದಂತೆ ಕಾರಿನಲ್ಲಿ ಹಾಕಿಕೊಂಡು ಹೋಗಿ, ಗುರುತಿಲ್ಲದವರು ಬಾಯಿ ಬಿಡಿಸಿ ಹಲ್ಲು ನೋಡುವಾಗ ಸುಮ್ಮನೆ ನಿಲ್ಲು ಎಂದರೆ, ಅದು ಇಷ್ಟು ವರ್ಷ ಕಲಿತದ್ದಕ್ಕೆ ತದ್ವಿರುದ್ಧವಾದದ್ದನ್ನು ಕೇಳಿದ ಹಾಗೆ. ನಾಯಿ ಹಟ ಮಾಡುತ್ತಿಲ್ಲ, ಮಾತು ಮೀರುತ್ತಿಲ್ಲ. ಅದಕ್ಕೆ ಭಯವಾಗಿದೆ. ಗದರಿಕೆಗೆ ಬಗ್ಗುವ ಭಯ ಇದಲ್ಲ.

ಇದರ ಜೊತೆ ನಮ್ಮ ಮಳೆಗಾಲವೂ ಸೇರುತ್ತದೆ. ಮರಿ ಹುಟ್ಟಿ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಅದರ ಮಿದುಳು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಂಡದ್ದು ಲೋಕದ ಸಹಜ ಭಾಗವಾಗುತ್ತದೆ. ಕಾಣದೇ ಹೋದದ್ದರ ಬಗ್ಗೆ ಮುಂದೆ ಅನುಮಾನ ಉಳಿಯುತ್ತದೆ. ಮೇ ಕೊನೆಗೆ ಹುಟ್ಟಿದ ಮರಿಯ ಈ ಇಡೀ ಅವಧಿ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲೇ ಕಳೆದುಹೋಗುತ್ತದೆ. ಮನೆಯ ನಾಲ್ಕು ಜನ, ಕೊಟ್ಟಿಗೆಯ ದನ, ಹಂಚಿನ ಮೇಲಿನ ಮಳೆ ಸದ್ದು: ಅದು ಕಂಡ ಲೋಕ ಇಷ್ಟೇ. ಹಾಗಾಗಿ ಮಳೆಗಾಲದ ಮರಿಗಳನ್ನು, ಪಾರ್ವೊ ಎಂಬ ಮಾರಕ ವಾಂತಿಭೇದಿ ರೋಗದ ಭಯ ಇರುವುದರಿಂದ, ಲಸಿಕೆ ಪೂರ್ತಿ ಆಗುವವರೆಗೆ ನೆಲಕ್ಕೆ ಬಿಡದೆ ಕೈಯಲ್ಲಿ ಎತ್ತಿಕೊಂಡೋ ಬುಟ್ಟಿಯಲ್ಲಿ ಇಟ್ಟುಕೊಂಡೋ ಪೇಟೆಗೆ ಕರೆದೊಯ್ಯಿರಿ. ವಾರಕ್ಕೆ ಎರಡು ಸಲ, ಪ್ರತಿ ಸಲ ಹದಿನೈದು ನಿಮಿಷ ಸಾಕು. ನಾಯಿ ಆಗಲೇ ದೊಡ್ಡದಾಗಿದ್ದರೆ ಕೈಚೆಲ್ಲಬೇಕಿಲ್ಲ. ಕಲಿಕೆ ನಿಧಾನವಾಗುತ್ತದೆ, ಅಷ್ಟೇ.

ಮೊದಲು ಭಯ ಹೇಗೆ ಕೂಡಿಕೊಳ್ಳುತ್ತದೆ ನೋಡೋಣ. ಲಿಂಗನಮಕ್ಕಿ ಜಲಾಶಯ ಪೂರ್ಣ ಮಟ್ಟವಾದ 1819 ಅಡಿಗೆ ತುಂಬಿದ ಮೇಲೆ ಒಂದು ಸಾಧಾರಣ ಮಳೆಗೂ ಗೇಟು ತೆರೆಯಬೇಕಾಗುತ್ತದೆ. ಆದರೆ ನೀರು ತುಂಬಿದ್ದು ಆ ಒಂದು ಮಳೆಯಿಂದಲ್ಲ. ನಾಯಿಯದೂ ಅದೇ ಲೆಕ್ಕ. ಬೆಳಗಿನ ಜಾವ ಎಬ್ಬಿಸಿದ್ದು, ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿದ್ದು, ಜನರೇಟರ್ ಸದ್ದು, ಕೀರಲು ದನಿಯ ಮೈಕು, ಪಕ್ಕದ ನಾಯಿ ದಿಟ್ಟಿಸಿದ್ದು, ಮಕ್ಕಳು ಬಂದು ತಲೆ ತಟ್ಟಿದ್ದು, ಹೀಗೆ ಒಂದೊಂದೂ ಒಂದಿಷ್ಟು ಸೇರಿಸುತ್ತದೆ. ಕೊನೆಗೆ ಜಡ್ಜ್ ಮುಟ್ಟಿದಾಗ ನಾಯಿ ಸಿಡಿಯುತ್ತದೆ. ನಾವು ಜಡ್ಜ್ ಕೈಯನ್ನು ಮಾತ್ರ ನೋಡಿರುತ್ತೇವೆ. ಒತ್ತಡದ ಹಾರ್ಮೋನು ನಿಮಿಷಗಳಲ್ಲಿ ಏರುತ್ತದೆ, ಇಳಿಯಲು ಮಾತ್ರ ತುಂಬ ಹೊತ್ತು ಬೇಕು. ನಾವು ಮಾಡುವ ತಯಾರಿಯೆಲ್ಲ ಈ ಒಂದೊಂದು ಹನಿಯನ್ನೂ ಮೊದಲೇ ಕಡಿಮೆ ಮಾಡುವುದಕ್ಕೆ.

ನೀರು ಎಷ್ಟು ಏರಿದೆ ಎಂದು ತಿಳಿಯುವುದು ಹೇಗೆ? ಬಾಲ ಮಡಚುವುದು ಎಲ್ಲರಿಗೂ ಕಾಣುತ್ತದೆ, ಆದರೆ ಅದು ಕೊನೆಯ ಹಂತ. ಅದಕ್ಕೂ ಮೊದಲು ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ. ಮುಂಗಾಲು ಒಂದನ್ನು ಅರ್ಧ ಎತ್ತಿ ನಿಲ್ಲುತ್ತದೆ. ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸುವುದರಿಂದ ಬಿಳಿಗುಡ್ಡೆ ಕಾಣುತ್ತದೆ. ಮೈ ಒದ್ದೆಯಿಲ್ಲದಿದ್ದರೂ ಕೊಡವಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲೂ ಏದುಸಿರು ಬಿಡುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದ ಅಳತೆ ತಿಂಡಿ. ನೆಮ್ಮದಿಯ ನಾಯಿ ನಿಮ್ಮ ಬೆರಳಿನಿಂದ ತುಟಿಯಲ್ಲೇ ತಿಂಡಿ ತೆಗೆದುಕೊಳ್ಳುತ್ತದೆ. ಒತ್ತಡ ಏರಿದಾಗ ಹಲ್ಲು ತಾಗುತ್ತದೆ, ಬೆರಳು ಸೇರಿಸಿ ಕಸಿದುಕೊಳ್ಳುತ್ತದೆ. ಇನ್ನೂ ಏರಿದರೆ ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಅದರ ಮೇಲೆ ಮೂಸಿಯೂ ನೋಡುವುದಿಲ್ಲ. ಹಲ್ಲು ತಾಗಿದ ಕೂಡಲೇ ನೀವು ಹತ್ತು ಹೆಜ್ಜೆ ದೂರ ಸರಿಯಬೇಕು. ಉಗುಳುವವರೆಗೆ ಕಾದರೆ ಆ ದಿನದ ಪಾಠ ಮುಗಿದ ಹಾಗೆ.

ತಯಾರಿಗೆ ಎಂಟರಿಂದ ಹತ್ತು ವಾರ ಇಟ್ಟುಕೊಳ್ಳಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದರೆ ನಾಯಿಗೆ ಕೆಟ್ಟ ನೆನಪು ಉಳಿಯುತ್ತದೆ. ಆ ನೆನಪು ಮುಂದಿನ ಪ್ರದರ್ಶನಕ್ಕೂ ಜೊತೆಗೆ ಬರುತ್ತದೆ.

ಕಲಿಸುವ ಮೊದಲು ಮೈ ತಪಾಸಣೆ. ಕಿವಿಯಲ್ಲಿ ಸೋಂಕಿದ್ದರೆ, ಹಲ್ಲು ನೋಯುತ್ತಿದ್ದರೆ, ಸೊಂಟದಲ್ಲಿ ನೋವಿದ್ದರೆ ಎಷ್ಟು ಕಲಿಸಿದರೂ ಮುಟ್ಟಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಮಳೆ ನಿಂತ ಮೇಲೆ ಉಣುಗಿನ ಕಾಟ. ಕಿವಿಯ ಒಳಮಡಿಕೆ, ಬೆರಳ ಸಂದಿ, ಬಾಲದ ಬುಡ, ಈ ಮೂರು ಕಡೆ ದಿನವೂ ಬೆರಳಾಡಿಸಿ ನೋಡಿ. ಬೆರಳ ಸಂದಿಯಲ್ಲಿ ಒಂದು ಉಣುಗು ಕೂತಿದ್ದರೂ ನಾಯಿ ಓಡುವಾಗ ಕಾಲು ತಪ್ಪಿಸುತ್ತದೆ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ, ಕೈಯಲ್ಲಿ ಹಿಚುಕಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ತಿರುಗಿದ ನಾಯಿ ಉಣುಗನ್ನು ಮನೆಯೊಳಗೆ ಹೊತ್ತು ತರಬಲ್ಲದು, ಹಾಗಾಗಿ ಈ ತಪಾಸಣೆ ಮನೆಯವರ ಸಲುವಾಗಿಯೂ ಬೇಕು. ಹೊಸದಾಗಿ ಲಸಿಕೆ ಹಾಕಿಸುವುದಿದ್ದರೆ ಪ್ರದರ್ಶನಕ್ಕೆ ಮೂರು ನಾಲ್ಕು ವಾರ ಮೊದಲೇ ಹಾಕಿಸಿ, ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ.

ತಿಂಡಿಯ ವಿಷಯ. ಕೋಳಿ ಲಿವರ್ ಅನ್ನು ಉಪ್ಪಿಲ್ಲದೆ ಹದಿನೈದು ನಿಮಿಷ ಬೇಯಿಸಿ, ತೆಳ್ಳಗೆ ಸೀಳಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಅಂಟು ಹೋಗುವವರೆಗೆ ಒಣಗಿಸಿ. ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿಕೊಳ್ಳಿ. ಗಾತ್ರ ದೊಡ್ಡದಾದರೆ ಅಗಿಯುವುದರಲ್ಲೇ ಪಾಠ ನಿಂತುಹೋಗುತ್ತದೆ. 25 ಕೆಜಿ ತೂಕದ ನಾಯಿಗೆ ದಿನಕ್ಕೆ 30 ಗ್ರಾಂ ದಾಟಬೇಡಿ, ಲಿವರ್ ಹೆಚ್ಚಾದರೆ ಭೇದಿ. ಮಾಂಸ ತಾರದ ಮನೆಯಾದರೆ ಪನೀರ್ ಆಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದು ಯಾವುದೂ ಬೇಡ.

ಇನ್ನು ಮುಟ್ಟಿಸಿಕೊಳ್ಳುವ ಪಾಠ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ.

ನಾಯಿಯ ಮುಂದೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಎಡ ಅಂಗೈ ಚಪ್ಪಟೆಯಾಗಿ, ಅದರ ಗದ್ದದ ಎತ್ತರಕ್ಕೆ ಹಿಡಿಯಿರಿ. ಕೈಯನ್ನು ಗದ್ದದ ಕೆಳಗೆ ತಳ್ಳಬೇಡಿ. ಗದ್ದ ತಾನಾಗಿ ಬರಬೇಕು. ಬಲಗೈಯ ತಿಂಡಿಯನ್ನು ಅಂಗೈಯ ಆಚೆಗೆ ತೋರಿಸಿದರೆ ಅದು ಕತ್ತು ಚಾಚುತ್ತದೆ, ಗದ್ದ ಅಂಗೈಗೆ ತಾಗುತ್ತದೆ. ತಾಗಿದ ಕ್ಷಣ “ಭೇಷ್” ಎನ್ನಿ, ತಿಂಡಿ ಕೊಡಿ. ಐದಾರು ಸಲ ಹೀಗೆ ಮಾಡಿದ ಮೇಲೆ ತಿಂಡಿ ತೋರಿಸದೆ ಅಂಗೈ ಮಾತ್ರ ಹಿಡಿಯಿರಿ. ಮುಂದೆ ಗದ್ದ ಇಟ್ಟು ಒಂದು ಸೆಕೆಂಡ್ ನಿಲ್ಲಲಿ, ಆಮೇಲೆ ಎರಡು, ಐದು, ಹತ್ತು. ದಿನಕ್ಕೆ ಎರಡು ಹೊತ್ತು, ಒಂದು ಹೊತ್ತಿಗೆ ಎರಡೇ ನಿಮಿಷ. ಹತ್ತು ಸೆಕೆಂಡಿಗೆ ಬರಲು ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ.

ಈಗ ಬಲಗೈ. ಗದ್ದ ಅಂಗೈ ಮೇಲಿರುವಾಗ ಬಲಗೈಯನ್ನು ಒಂದು ಗೇಣು ದೂರದಲ್ಲಿ ಅಲ್ಲಾಡಿಸಿ, ಭೇಷ್, ತಿಂಡಿ. ಆಮೇಲೆ ಭುಜ ಮುಟ್ಟಿ. ಅಲ್ಲಿಂದ ಕೆನ್ನೆ, ತುಟಿ. ತುಟಿಯನ್ನು ಹೆಬ್ಬೆರಳಿನಿಂದ ಅರ್ಧ ಸೆಕೆಂಡ್ ಎತ್ತಿ ಬಿಡಿ. ಕೊನೆಗೆ ಮುಂದಿನ ಹಲ್ಲುಗಳು ಕಾಣುವಷ್ಟು, ಮೂರು ಸೆಕೆಂಡ್. ಬೆನ್ನು, ಪಕ್ಕೆಲುಬು, ತೊಡೆ, ಬಾಲವನ್ನೂ ಇದೇ ರೀತಿ ಮುಟ್ಟಿ. ಗಂಡು ನಾಯಿಯಾದರೆ ಎರಡೂ ವೃಷಣ ಇಳಿದಿವೆಯೇ ಎಂದು ಜಡ್ಜ್ ಕೈಯಿಟ್ಟು ನೋಡುತ್ತಾರೆ. ಅದನ್ನು ಕೊನೆಗೆ ಅಭ್ಯಾಸ ಮಾಡಿಸಿ. ನಡುವೆ ಯಾವಾಗ ನಾಯಿ ಗದ್ದ ಎತ್ತಿದರೂ ನಿಮ್ಮ ಬಲಗೈ ತಕ್ಷಣ ಹಿಂದೆ ಬರಬೇಕು. ಈ ಪಾಠದ ಜೀವಾಳವೇ ಇದು. ಗದ್ದ ಎತ್ತಿದರೆ ಕೈ ನಿಲ್ಲುತ್ತದೆ ಎಂದು ಖಾತ್ರಿಯಾದ ನಾಯಿ ಗದ್ದ ಎತ್ತುವುದನ್ನೇ ಬಿಡುತ್ತದೆ. ಬಿಡಿಸಿಕೊಳ್ಳುವ ದಾರಿ ತನ್ನ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಅದಕ್ಕೆ ಓಡುವ ಅಗತ್ಯವಿಲ್ಲ.

ಎರಡು ತಪ್ಪುಗಳು ಇಲ್ಲಿ ಪದೇ ಪದೇ ಆಗುತ್ತವೆ. ಒಂದು, ತಿಂಡಿ ಮೊದಲು ತೋರಿಸಿ, ತಿನ್ನುತ್ತಿರುವಾಗ ಮುಟ್ಟುವುದು. ಆಗ ತಿಂಡಿ ಬಂದರೆ ಏನೋ ಕಾದಿದೆ ಎಂದು ನಾಯಿ ಕಲಿಯುತ್ತದೆ, ಸ್ವಲ್ಪ ದಿನದಲ್ಲಿ ತಿಂಡಿಯನ್ನೇ ಅನುಮಾನಿಸುತ್ತದೆ. ಯಾವಾಗಲೂ ಸ್ಪರ್ಶ ಮೊದಲು, ತಿಂಡಿ ಆಮೇಲೆ. ಎರಡನೆಯದು, ಹೊಸಬರ ಕೈಗೆ ತಿಂಡಿ ಕೊಟ್ಟು “ನೀವೇ ಕೊಡಿ, ಸ್ನೇಹ ಆಗುತ್ತೆ” ಎನ್ನುವುದು. ತಿಂಡಿಯ ಆಸೆಗೆ ನಾಯಿ ತನಗೆ ಹಿತವಾದ ದೂರ ಮರೆತು ಹತ್ತಿರ ಹೋಗುತ್ತದೆ. ತಿಂಡಿ ಮುಗಿದಾಗ ತಲೆ ಎತ್ತಿದರೆ ಎದುರಿಗೆ ಹೊಸ ಮುಖ. ಕಚ್ಚುವುದು ಆಗಲೇ. ಹೊಸಬರು ಸುಮ್ಮನಿರಲಿ, ತಿಂಡಿ ನಿಮ್ಮ ಕೈಯಿಂದಲೇ ಬರಲಿ.

ಮನೆಯವರೆಲ್ಲ ಮುಟ್ಟಿದ ಮೇಲೆ ನೆಂಟರನ್ನು ಜಡ್ಜ್ ಮಾಡಿ. ಮೊದಲು ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗಲಿ, ಆಮೇಲೆ ಐದು, ಆಮೇಲೆ ಪಕ್ಕದಲ್ಲಿ ನಿಂತು ನಿಮ್ಮ ಜೊತೆ ಮಾತಾಡಲಿ, ಕೊನೆಗೆ ಒಂದು ಸೆಕೆಂಡ್ ಭುಜ ಮುಟ್ಟಲಿ. ತಲೆಯ ಮೇಲಿನಿಂದ ಕೈ ತರಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಅದಾದ ಮೇಲೆ ವೇಷ ಬದಲಿಸಿ. ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಬಂದರೆ ದಿನವೂ ನೋಡುವ ಕೆಲಸದವರನ್ನೇ ನಾಯಿ ಬೊಗಳುವುದನ್ನು ನೀವೆಲ್ಲ ಕಂಡಿದ್ದೀರಿ. ಆಕಾರ ಬದಲಾದರೆ ಅದಕ್ಕೆ ಮನುಷ್ಯನೇ ಬದಲಾದ ಹಾಗೆ. ಜಡ್ಜ್ ಟೋಪಿ, ಕಪ್ಪು ಕನ್ನಡಕ, ಕೋಟು ಹಾಕಿರಬಹುದು. ಹಾಳೆ ಟೋಪಿ, ಕೊಡೆ, ಮಳೆಕೋಟು ಮನೆಯಲ್ಲೇ ಇವೆಯಲ್ಲ, ಒಂದೊಂದು ದಿನ ಒಂದೊಂದನ್ನು ಹಾಕಿಕೊಂಡು ಇದೇ ಪಾಠ ಮಾಡಿ. ಮಳೆಗಾಲದಲ್ಲಿ ಜಗಲಿ ಸಾಕು.

ಸದ್ದಿಗೆ ಬೇರೆ ಅಭ್ಯಾಸ. ಚಪ್ಪಾಳೆ, ಮೈಕು, ಡೊಳ್ಳು, ಹಲವು ನಾಯಿಗಳ ಬೊಗಳು ಇವನ್ನು ಮೊಬೈಲಿನಲ್ಲಿ ಹಾಕಿ, ನಾಯಿಯ ಕಿವಿ ಅಲುಗುವಷ್ಟು ಮಾತ್ರ ಸಣ್ಣಗೆ. ಸದ್ದು ಶುರುವಾದರೆ ತಿಂಡಿ ಬರಲಿ, ನಿಂತರೆ ತಿಂಡಿಯೂ ನಿಲ್ಲಲಿ. ಐದು ನಿಮಿಷ ಸಾಕು, ದನಿಯನ್ನು ವಾರಕ್ಕೊಂದು ಹಂತ ಏರಿಸಿ. ದೀಪಾವಳಿಯ ಪಟಾಕಿಯ ಮರುದಿನ ಈ ಪಾಠ ಬೇಡ.

ತಯಾರಿಯ ಮೂರನೇ ವಾರದಿಂದ ಹೊರಗೆ ಹೋಗಿ. ಶಿವಮೊಗ್ಗದವರಿಗೆ ಬೆಳಗಿನ ಹೊತ್ತು ನೆಹರು ಕ್ರೀಡಾಂಗಣದ ಹೊರಗಿನ ರಸ್ತೆ, ಆಮೇಲೆ ಗಾಂಧಿ ಪಾರ್ಕ್ ಸುತ್ತಮುತ್ತ, ಕೊನೆಗೆ ಬಸ್ ನಿಲ್ದಾಣದ ಆಸುಪಾಸು. ಹಳ್ಳಿಯವರಿಗೆ ವಾರದ ಸಂತೆ. ಸಂತೆಯ ಒಳಗೆ ಹೋಗಬೇಡಿ. ಐವತ್ತು ಮೀಟರ್ ದೂರದಲ್ಲಿ ನಿಂತು, ನಾಯಿ ಜನರನ್ನೋ ಇನ್ನೊಂದು ನಾಯಿಯನ್ನೋ ನೋಡಿದ ಕೂಡಲೇ “ಭೇಷ್” ಎನ್ನಿ, ತಿಂಡಿ ಕೊಡಿ. ಕೆಲವು ದಿನದಲ್ಲಿ ಅದು ನೋಡಿದ ಕೂಡಲೇ ತಾನೇ ತಿರುಗಿ ನಿಮ್ಮ ಮುಖ ನೋಡುತ್ತದೆ. ಅದಾದ ಮೇಲೆಯೇ ಐದು ಮೀಟರ್ ಮುಂದೆ. ಹತ್ತು ನಿಮಿಷಕ್ಕೆ ಮುಗಿಸಿ ಮನೆಗೆ ಬನ್ನಿ. ಚೆನ್ನಾಗಿ ಆಗ್ತಿದೆ, ಇನ್ನೊಂದು ಹತ್ತು ನಿಮಿಷ ಇರೋಣ ಅನ್ನಿಸುವುದು ಸಹಜ. ಕೆಡುವುದು ಆ ಎರಡನೇ ಹತ್ತು ನಿಮಿಷದಲ್ಲೇ.

ಸರಪಳಿಯಲ್ಲಿ ಬೆಳೆದ ನಾಯಿಗೆ ಕತ್ತು ಎಳೆದರೆ ಎದುರು ಎಳೆಯುವುದೊಂದೇ ಗೊತ್ತು. ಪ್ರದರ್ಶನದ ಶೋ ಲೀಡ್ ತೆಳ್ಳಗಿನ ಹಗ್ಗ, ಕತ್ತಿನ ಮೇಲ್ಭಾಗದಲ್ಲಿ ಕಿವಿಯ ಹಿಂದೆ ಕೂರುತ್ತದೆ. ಆ ಸ್ಪರ್ಶವೇ ಅದಕ್ಕೆ ಹೊಸದು. ಹಾಗಾಗಿ ಊಟದ ಹೊತ್ತಿನಲ್ಲಿ ಮಾತ್ರ ಐದು ನಿಮಿಷ ಹಾಕಿ ತೆಗೆಯಿರಿ. ನಡೆಸುವಾಗ ಹಗ್ಗ ಸಡಿಲವಾಗಿ ಅರ್ಧಚಂದ್ರದಂತೆ ತೂಗುತ್ತಿರಲಿ. ನೀವು ಗಾಬರಿಯಾದರೆ ಮುಷ್ಟಿ ಬಿಗಿಯಾಗುತ್ತದೆ, ಹಗ್ಗ ಬಿಗಿಯಾಗುತ್ತದೆ, ನಾಯಿಗೆ ಸುದ್ದಿ ಮುಟ್ಟುತ್ತದೆ. ರಿಂಗಿನಲ್ಲಿ ದುಂಡಗೆ, ತ್ರಿಕೋನವಾಗಿ, ನೇರ ಹೋಗಿ ಬಂದು ಓಡಿಸಲು ಹೇಳುತ್ತಾರೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಇದನ್ನು ಧಾರಾಳವಾಗಿ ಕಲಿಸಬಹುದು. ನೆಲಕ್ಕೆ ಹಸಿರು ಕಾರ್ಪೆಟ್ ಹಾಸಿರುವುದುಂಟು, ಮಣ್ಣಂಗಳದ ನಾಯಿ ಅದರ ಅಂಚಿನಲ್ಲೇ ನಿಂತುಬಿಡುತ್ತದೆ. ಒಂದು ತುಂಡು ಕಾರ್ಪೆಟ್ ತಂದು ಅದರ ಮೇಲೆ ಊಟ ಹಾಕಿ. ಪಗ್, ಡ್ಯಾಶ್‌ಹುಂಡ್‌ನಂಥ ಚಿಕ್ಕ ನಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾರೆ. ಜಾರದಂತೆ ರಬ್ಬರ್ ಹಾಸಿ ಮನೆಯಲ್ಲೇ ರೂಢಿ ಮಾಡಿಸಿ.

ಪ್ರಯಾಣವನ್ನು ಹಗುರಾಗಿ ಎಣಿಸಬೇಡಿ. ಆಗುಂಬೆ, ಹುಲಿಕಲ್ ಘಾಟಿ ಇಳಿದು ಕರಾವಳಿಗೆ ಹೋಗುವ ನಾಯಿ ದಾರಿಯಲ್ಲಿ ವಾಂತಿ ಮಾಡಿಕೊಂಡರೆ, ಆ ಸಂಕಟವನ್ನು ಇಳಿದ ಜಾಗಕ್ಕೇ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ. ಮೊದಲ ವಾರ ನಿಂತ ಕಾರಿನಲ್ಲಿ ತಿಂಡಿ. ಎರಡನೇ ವಾರ ಇಂಜಿನ್ ಚಾಲೂ ಮಾಡಿ ಅಲ್ಲೇ. ಆಮೇಲೆ ಒಂದು ಕಿಲೋಮೀಟರ್, ಐದು, ಕೊನೆಗೆ ತಿರುವಿನ ರಸ್ತೆ. ಹೊರಡುವ ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಗುಟುಕು ಗುಟುಕಾಗಿ. ಇಷ್ಟಕ್ಕೂ ವಾಂತಿ ನಿಲ್ಲದಿದ್ದರೆ ಪಶುವೈದ್ಯರು ಅದಕ್ಕೆ ಮಾತ್ರೆ ಕೊಡುತ್ತಾರೆ. ನಾಯಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಅಗಲದ ಕ್ರೇಟ್ (ಬಾಗಿಲಿರುವ ಗೂಡು) ಒಂದನ್ನು ಮನೆಯಲ್ಲೇ ಹಾಸಿಗೆಯಾಗಿ ರೂಢಿ ಮಾಡಿ. ಮೊದಲ ವಾರ ಬಾಗಿಲು ಹಾಕಲೇಬಾರದು. ಮೈದಾನದಲ್ಲಿ ಅದರ ಮೇಲೊಂದು ಹತ್ತಿ ಪಂಚೆ ಹೊದಿಸಿ, ಒಂದು ಬದಿ ಗಾಳಿಗೆ ಬಿಟ್ಟರೆ ಅದೇ ನಾಯಿಯ ಮನೆ.

ಪ್ರದರ್ಶನದ ದಿನ ಎರಡು ಗಂಟೆ ಮೊದಲು ತಲುಪಿ. ಬಂದ ಕೂಡಲೇ ರಿಂಗ್ ನೋಡಲು ಹೋಗಬೇಡಿ. ಜನರೇಟರ್‌ನಿಂದ ದೂರ, ಮರದ ನೆರಳು ಹುಡುಕಿ, ನಾಯಿಗೆ ಮೈದಾನದ ಹೊರಗೆ ಹದಿನೈದು ನಿಮಿಷ ಮೂಸಲು ಬಿಡಿ. ನೆಲ ಮೂಸುವುದರಲ್ಲೇ ಅದು ಸಮಾಧಾನಕ್ಕೆ ಬರುತ್ತದೆ. ಆಮೇಲೆ ಕ್ರೇಟಿನಲ್ಲಿ ವಿಶ್ರಾಂತಿ. ಕರೆಯುವ ಹತ್ತು ನಿಮಿಷ ಮೊದಲು ಹೊರತೆಗೆದು, ಗದ್ದದ ಪಾಠ ಎರಡು ಸಲ, ನಾಲ್ಕು ಹೆಜ್ಜೆ ಓಟ. ರಿಂಗಿನಲ್ಲಿ ಮುಂದಿನ ನಾಯಿಗೂ ನಿಮ್ಮದಕ್ಕೂ ಹತ್ತು ಅಡಿ ಅಂತರ ಇಡಿ. ಹಿಂದಿನವರು ಒತ್ತುತ್ತಿದ್ದರೆ “ಸ್ವಲ್ಪ ಜಾಗ ಬಿಡಿ ಸಾರ್” ಎಂದು ಕೇಳುವುದಕ್ಕೆ ಸಂಕೋಚ ಬೇಡ. ಮಕ್ಕಳು ಮುಟ್ಟಲು ಬಂದರೆ ಇಲ್ಲ ಎನ್ನುವುದಕ್ಕೂ ಬೇಡ.

ನಮ್ಮಲ್ಲಿ ತಂಪು ಎಂದು ನಾಯಿಯನ್ನು ಕಾರಿನಲ್ಲಿ ಬಿಡುವವರಿದ್ದಾರೆ. ಹೊರಗೆ 25 ಡಿಗ್ರಿ ಇದ್ದರೂ ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನಾಲಗೆಯ ನೀರು ಆರುವುದಿಲ್ಲ. ಮೈಶಾಖ 101ರಿಂದ 102.5 ಫ್ಯಾರನ್‌ಹೀಟ್ ಇರಬೇಕು. 104 ದಾಟಿದರೆ ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತ ವೈದ್ಯರ ಬಳಿಗೆ ಓಡಿ. ಪಗ್‌ನಂಥ ಚಪ್ಪಟೆ ಮುಖದವಕ್ಕೆ ಇನ್ನೂ ಬೇಗ ಅಪಾಯ.

ಕೇಳಿಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇವೆ. ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆಯೇ? ಇಲ್ಲ. ಭಯ ಒಂದು ಭಾವನೆ, ಸವರಿದ್ದಕ್ಕೆ ಅದು ಬೆಳೆಯುವುದಿಲ್ಲ. ನಾಯಿ ನಿಮಗೆ ಒರಗಿದರೆ ಒರಗಲು ಬಿಡಿ, ಮೆಲ್ಲನೆ ಮಾತಾಡಿಸಿ, ದೂರ ಕರೆದುಕೊಂಡು ಹೋಗಿ. ಗುರ್ರೆಂದರೆ ಹೊಡೆಯಬೇಕೇ? ಖಂಡಿತ ಬೇಡ. ಗುರ್ರೆನ್ನುವುದು ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಭಯ ಉಳಿಯುತ್ತದೆ, ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಮತ್ತಿನ ಮಾತ್ರೆ ಕೊಡಬಹುದೇ? ಪ್ರದರ್ಶನಕ್ಕೆಂದು ಬೇಡವೇ ಬೇಡ. ಕೆಲವು ಮಾತ್ರೆಗಳು ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ; ಒಳಗೆ ನಾಯಿ ಹೆದರುತ್ತಲೇ ಇರುತ್ತದೆ, ಓಡಲೂ ಆಗದೆ.

ಮುಧೋಳದ ನಾಯಿ ಸಾಕಿದವರಿಗೆ ಒಂದು ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ನಮ್ಮ ರಾಜ್ಯದ ಹೆಮ್ಮೆಯ ತಳಿ ಅದು. ಕೆನಲ್ ಕ್ಲಬ್ ಪ್ರದರ್ಶನಗಳಲ್ಲಿ ಕಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮ ತೆಳು, ಕಣ್ಣು ಚುರುಕು, ಹೊಸಬರ ಕೈ ಸುಲಭಕ್ಕೆ ಒಪ್ಪುವುದಿಲ್ಲ. ಲ್ಯಾಬ್ರಡಾರ್‌ಗೆ ಎಂಟು ವಾರ ಸಾಕಾದರೆ ಇದಕ್ಕೆ ಹದಿನಾರು ಇಟ್ಟುಕೊಳ್ಳಿ. ದೂರದಲ್ಲಿ ಓಡುವ ಬೆಕ್ಕೊಂದು ಕಂಡರೂ ಗಮನ ಅತ್ತ ಹೋಗುವುದರಿಂದ, ರಿಂಗಿನಲ್ಲಿ ಹೊರಗಿನ ಬಯಲಿಗೆ ಬೆನ್ನು ಮಾಡಿ ನಿಲ್ಲಿಸಿ.

ಮೈದಾನದಲ್ಲಿ ಮೆಚ್ಚಿನ ತಿಂಡಿಯನ್ನೂ ಮೂಸದೆ, ನಡುಗುತ್ತ ನಿಂತರೆ ಆ ದಿನ ರಿಂಗಿಗೆ ಇಳಿಸಬೇಡಿ. ಪ್ರವೇಶ ಶುಲ್ಕ ಹೋದರೆ ಹೋಗಲಿ. ಅಲ್ಲೇ ದೂರದಲ್ಲಿ ಅರ್ಧ ಗಂಟೆ ಕೂತು, ಅದು ಮತ್ತೆ ತಿಂದ ಮೇಲೆ ಮನೆಗೆ ಹೊರಡಿ. ಹೀಗೆ ಹೊರಟರೆ ನಾಯಿ ನೆಮ್ಮದಿಯ ನೆನಪಿನೊಂದಿಗೆ ಹೋಗುತ್ತದೆ.

ಗೆದ್ದರೂ ಸೋತರೂ ಮುಂದಿನ ಎರಡು ದಿನ ಯಾವ ಪಾಠವೂ ಬೇಡ. ಮಲಗಲಿ, ತೋಟದಲ್ಲಿ ಮೂಸಿಕೊಂಡು ತಿರುಗಲಿ. ನೀವು ಅಂದೇ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ: ತಿಂಡಿಯನ್ನು ಎಲ್ಲಿಯವರೆಗೆ ತುಟಿಯಲ್ಲಿ ತೆಗೆದುಕೊಂಡಿತು, ಮೊದಲು ಆಕಳಿಸಿದ್ದು ಯಾವಾಗ, ಏನು ಕಂಡು ನಿಂತುಬಿಟ್ಟಿತು. ಮುಂದಿನ ಪ್ರದರ್ಶನಕ್ಕೆ ಹೆಸರು ಬರೆಸುವ ಮೊದಲು ಆ ಪುಟ ತೆಗೆದು, ಮೂರನೇ ಸಾಲಿನಲ್ಲಿ ಬರೆದದ್ದರಿಂದ ಅಭ್ಯಾಸ ಶುರು ಮಾಡಿ.